ಪಿಟೀಲು ಅಲ್ಲಿ, ನಾವು ಇಲ್ಲಿ: ದೂರದಿಂದ ತಂತಿವಾದ್ಯ ಕಲಿಸಿದ ಎಂಟು ತಿಂಗಳು

ಜೂನ್ ಮೊದಲ ವಾರ ಅರ್ಜಿ ಬರೆದೆವು. ಮೊದಲ ತರಗತಿ ನಡೆದದ್ದು ಆಗಸ್ಟ್ ಕೊನೆಯ ಶನಿವಾರ. ಕೊನೆಯದು ಜನವರಿಯಲ್ಲಿ, ಚಿಕ್ಕಲ್ಲೂರು ಜಾತ್ರೆ ಕಳೆದ ಮೇಲೆ. ಹಾಕಿಕೊಂಡ ಲೆಕ್ಕ 14 ತರಗತಿ, ನಡೆದದ್ದು 9. ಮೈಸೂರಿನಲ್ಲಿ ವೀಣೆ, ಪಿಟೀಲು ಓದುತ್ತಿರುವ ನಾವು ಆರು ಜನ. ಆ ಕಡೆ ಕೊಳ್ಳೇಗಾಲ ಸೀಮೆಯ ಒಂದು ಸರ್ಕಾರಿ ಶಾಲೆಯ ಆರು ಮತ್ತು ಏಳನೇ ತರಗತಿಯ 12 ಮಕ್ಕಳು. ನಡುವೆ ಒಂದು ಫೋನು, ಒಂದು ಸ್ಮಾರ್ಟ್ ಟಿ.ವಿ. ಮತ್ತು ಎರಡು ಕಡ್ಡಿ ಸಿಗ್ನಲ್.

ಮುಂದಿನ ವರ್ಷ ಇದೇ ಕೆಲಸಕ್ಕೆ ಇಳಿಯುವವರು ನಾವು ಎಡವಿದ ಕಡೆಯೇ ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇವೆ. ಅವಸರದಲ್ಲಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಶ್ರುತಿಯನ್ನೂ ತಾಳವನ್ನೂ ಹಳ್ಳಿಯಲ್ಲೇ ಕೂರಿಸಿ. ಅವೆರಡನ್ನು ನೆಟ್‌ವರ್ಕ್ ಹೊರುವುದಿಲ್ಲ. ಈ ಮಾತು ಅರ್ಥವಾಗಲು ನಮಗೆ ಮೂರು ತರಗತಿ ಖರ್ಚಾದವು.

ಮೊದಲು ಕಾಗದಪತ್ರ. ಮುಖ್ಯ ಶಿಕ್ಷಕರು ಫೋನಿನಲ್ಲೇ ಖುಷಿಯಾಗಿ ಒಪ್ಪಿದ್ದರು. ಆದರೆ ಹೊರಗಿನವರು ಪಾಠ ಮಾಡುವುದಕ್ಕೆ, ಅದು ಟಿ.ವಿ. ಪರದೆಯ ಮೇಲಾದರೂ ಸರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಕೈಯಲ್ಲಿದ್ದರೆ ಅವರಿಗೂ ಧೈರ್ಯ. ನಮ್ಮ ಮೊದಲ ಅರ್ಜಿ ಐದು ವಾರ ಅಲ್ಲಾಡಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಕೊನೆಗೆ ಖುದ್ದಾಗಿ ಹೋಗಿ ವಿಚಾರಿಸಿದಾಗ ತಿಳಿದದ್ದು ಇಷ್ಟು: ನಾವು ಎರಡು ಪುಟದ ತುಂಬ ಸಂಗೀತದ ಮಹತ್ವವನ್ನೇ ಬರೆದಿದ್ದೆವು, ಅಧಿಕಾರಿಗೆ ಬೇಕಾದ ಒಂದೂ ವಿವರ ಅದರಲ್ಲಿರಲಿಲ್ಲ. ಎರಡನೇ ಅರ್ಜಿ ಒಂದೇ ಪುಟ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ತಿಂಗಳಲ್ಲಿ ಮುಗಿಯುತ್ತದೆ, ಎಷ್ಟು ಮಕ್ಕಳು, ತರಗತಿ ನಡೆಯುವಾಗ ಕೊಠಡಿಯಲ್ಲಿ ಯಾವ ಶಿಕ್ಷಕರು ಇರುತ್ತಾರೆ, ಶಾಲೆಗೆ ಖರ್ಚು ಇದೆಯೇ (ಇಲ್ಲ), ವಾದ್ಯಗಳು ಕೊನೆಗೆ ಯಾರಿಗೆ ಸೇರುತ್ತವೆ, ವಿಡಿಯೊ ಮುದ್ರಿಸುತ್ತೀರಾ. ಜೊತೆಗೆ ನಮ್ಮ ವಿಭಾಗದ ಮುಖ್ಯಸ್ಥರ ಪತ್ರ, ಆರು ಜನರ ಗುರುತಿನ ಚೀಟಿಯ ನಕಲು. ಎಂಟೇ ದಿನದಲ್ಲಿ ಸಹಿ ಬಿತ್ತು.

ಅಷ್ಟರಲ್ಲಿ ಜುಲೈ ತಿಂಗಳ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಮುಗಿದಿತ್ತು. ಅವರ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬೀಳದೆ ಮುಂದೆ ಹೋಗುವಂತಿರಲಿಲ್ಲ, ಹಾಗಾಗಿ ಆಗಸ್ಟ್ ಸಭೆಗೆ ಕಾಯಬೇಕಾಯಿತು. ನೀವು ಮಾಡುವಾಗ ಸಭೆಯ ದಿನವನ್ನು ಮೊದಲು ಕೇಳಿಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ.

ಪೋಷಕರ ಒಪ್ಪಿಗೆ ಪತ್ರದಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. ತಲೆಬರಹದಲ್ಲಿ ‘ಆನ್‌ಲೈನ್ ತರಗತಿ’ ಎಂದಿತ್ತು. ಕೊರೊನಾ ಕಾಲದಲ್ಲಿ ಸಾಲ ಮಾಡಿ ಫೋನ್ ಕೊಂಡವರ ಊರದು. ಹನ್ನೆರಡರಲ್ಲಿ ಐದು ಪತ್ರಗಳು ಸಹಿಯಿಲ್ಲದೆ ವಾಪಸ್ ಬಂದವು. ‘ಪೋಷಕರು ಫೋನು, ಡೇಟಾ, ವಾದ್ಯ ಯಾವುದಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ, ಪಾಠ ಶಾಲೆಯಲ್ಲೇ ನಡೆಯುತ್ತದೆ’ ಎಂಬುದನ್ನು ಮೊದಲ ಸಾಲಿಗೆ ತಂದು ಮತ್ತೆ ಕಳಿಸಿದೆವು. ಎಲ್ಲವೂ ಸಹಿಯಾಗಿ ಬಂದವು. ವಿಡಿಯೊ ಮುದ್ರಣದ ಒಪ್ಪಿಗೆಯನ್ನು ಬೇರೆಯೇ ಚೀಟಿಯಲ್ಲಿ ಕೇಳಿ. ಪಾಠಕ್ಕೆ ಹೂಂ ಎಂದವರು ಕ್ಯಾಮೆರಾಗೆ ಬೇಡ ಎನ್ನಬಹುದು, ಅದು ಅವರ ಹಕ್ಕು. ನಾವು ಹಾಕಿಕೊಂಡ ಇನ್ನೊಂದು ಕಟ್ಟುಪಾಡು: ಮಕ್ಕಳೊಡನೆ ಮಾತೆಲ್ಲ ಶಾಲೆಯ ಫೋನಿನಲ್ಲಿ, ಶಿಕ್ಷಕರ ಎದುರಲ್ಲಿ. ಯಾವ ಮಗುವಿನ ಮನೆಯ ನಂಬರೂ ನಮ್ಮಲ್ಲಿ ಇರಬಾರದು.

ಕಾಯುವ ಈ ಎರಡೂವರೆ ತಿಂಗಳಲ್ಲಿ ಮಾಡಿದ ಕೆಲಸವೇ ಕೊನೆಗೆ ನಮ್ಮನ್ನು ಉಳಿಸಿದ್ದು. ಅದು ವಾದ್ಯದ ಆಯ್ಕೆ.

ವೀಣೆಯನ್ನು ಕಳಿಸಬೇಕೆಂಬ ಆಸೆ ಮೂವರಿಗಿತ್ತು. ಮೈಸೂರಿನವರಿಗೆ ಆ ಹೆಮ್ಮೆ ಸಹಜ. ಆದರೆ ವೀಣೆಯಲ್ಲಿ ತಂತಿಯನ್ನು ಒತ್ತಿ ಸ್ವರ ಹಿಡಿಯುವ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಮೇಣ ಮೆತ್ತಗಾದರೆ ಮೆಟ್ಟಿಲು ಸರಿದುಕೊಳ್ಳುತ್ತದೆ, ಮತ್ತೆ ಕಟ್ಟಲು ನುರಿತ ಕೈಯೇ ಬೇಕು. ಏಳು ತಂತಿ ಶ್ರುತಿ ಮಾಡುವವರು ಆ ಕಡೆ ಇಲ್ಲ. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ವೀಣೆಯನ್ನು ಕ್ಯಾಮೆರಾದಲ್ಲಿ ತೋರಿಸುವುದು, ಪಿಟೀಲು ಎರಡು ಕಳಿಸುವುದು, ಉಳಿದದ್ದಕ್ಕೆ ಒಂಟಿ ತಂತಿಯ ವಾದ್ಯವನ್ನು ನಾವೇ ಮಾಡುವುದು ಎಂದಾಯಿತು. ಮಕ್ಕಳು ಆಮೇಲೆ ಅದಕ್ಕೆ ‘ಡಬ್ಬ ತಂಬೂರಿ’ ಎಂದು ಹೆಸರಿಟ್ಟರು.

ಡಬ್ಬ ತಂಬೂರಿ ಮಾಡುವ ಬಗೆಯನ್ನು ಅಳತೆ ಸಮೇತ ಹೇಳುತ್ತೇವೆ. ನಾವು ಎಂಟು ಮಾಡಿದೆವು, ಮೊದಲ ಎರಡು ಹಾಳಾದವು.

ಬೇಕರಿಯಲ್ಲಿ ಬಿಸಾಡುವ ಒಂದು ಕೆ.ಜಿ. ತುಪ್ಪದ ತಗಡಿನ ಡಬ್ಬ. ಛಾವಣಿಗೆ ಹೊಡೆಯುವ ರೀಪರ್ ಪಟ್ಟಿ, ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, 80 ಸೆಂ.ಮೀ. ಉದ್ದ, ಗಂಟಿಲ್ಲದ್ದು. ಗಿಟಾರಿನ ಬಿಡಿ ಕೀ ಒಂದು. 12 ಗೇಜಿನ ಸ್ಟೀಲ್ ತಂತಿ, ಅಂದರೆ ಅಕೌಸ್ಟಿಕ್ ಗಿಟಾರಿನ ‘ಲೈಟ್’ ಸೆಟ್ಟಿನ ಮೊದಲ ತಂತಿ, ದಪ್ಪ ಸುಮಾರು 0.3 ಮಿ.ಮೀ. ಸಣ್ಣ ಕೇಬಲ್ ಟೈ ಏಳು. ಕುದುರೆಗೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಆಸರೆಗೆ, ಬಿದಿರಿನ ಒಂದು ಚೂರು.

ಡಬ್ಬವನ್ನು ಬೋರಲು ಹಾಕಿ. ಅದರ ತಳವೇ ನಾದದ ಹಲಗೆ. ತಳದ ಮಡಿಕೆಗೆ ತಾಗಿದಂತೆ ಎದುರುಬದುರು ಎರಡು ಕಿಂಡಿ ಕೊರೆದು ಪಟ್ಟಿಯನ್ನು ತೂರಿಸಿ, ಹಿಂದೆ 6 ಸೆಂ.ಮೀ. ಆಚೆ ಬರಲಿ. ಡಬ್ಬದೊಳಗೆ ಅಡಗುವ ಭಾಗವನ್ನು 3-4 ಮಿ.ಮೀ. ಕೆತ್ತಿ ತಗ್ಗಿಸುವುದನ್ನು ಮರೆಯಬೇಡಿ. ಕೋಲು ತಗಡಿಗೆ ತಾಗಿದರೆ ನಾದ ಅಲ್ಲೇ ಸಾಯುತ್ತದೆ. ನಮ್ಮ ಮೊದಲ ವಾದ್ಯ ಸತ್ತದ್ದು ಹೀಗೆ. ಕೊರೆದ ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಸುತ್ತಿ.

ತಲೆಯ ಕಡೆ ತಂತಿ ಕೂರುವ ಚಿಕ್ಕ ಪಟ್ಟಿಯಿಂದ ಡಬ್ಬದ ಮೇಲಿನ ಕುದುರೆಗೆ ಸರಿಯಾಗಿ 60 ಸೆಂ.ಮೀ. ಇರಲಿ. ಈ ಅಂಕಿಯನ್ನು ನಾವು ಬೇಕೆಂದೇ ಆರಿಸಿದ್ದು, ಏಕೆಂದರೆ 60ನ್ನು ಸ್ವರಗಳ ಅನುಪಾತದಿಂದ ಭಾಗಿಸಿದರೆ ಮಕ್ಕಳ ಸ್ಕೇಲಿನಲ್ಲಿ ಸಿಗುವ ಅಂಕಿಗಳೇ ಬರುತ್ತವೆ. ಬಿಟ್ಟ ತಂತಿ ಷಡ್ಜ. ತಲೆಪಟ್ಟಿಯಿಂದ ಅಳೆದರೆ ಶುದ್ಧ ರಿಷಭ 3.75 ಸೆಂ.ಮೀ., ಅಂತರ ಗಾಂಧಾರ 12, ಶುದ್ಧ ಮಧ್ಯಮ 15, ಪಂಚಮ 20, ಶುದ್ಧ ಧೈವತ 22.5, ಕಾಕಲಿ ನಿಷಾದ 28, ತಾರ ಷಡ್ಜ ನಟ್ಟನಡುವೆ 30. ಮೊದಲ ಪಾಠಗಳ ರಾಗ ಮಾಯಾಮಾಳವಗೌಳ ಸಿದ್ಧ. ಏಳು ಕಡೆ ಕೇಬಲ್ ಟೈ ಬಿಗಿದು, ಗಂಟು ಪಟ್ಟಿಯ ಬೆನ್ನಿಗೆ ಬರುವಂತೆ ತಿರುಗಿಸಿ, ಬಾಲ ಕತ್ತರಿಸಿದರೆ ಮೆಟ್ಟಿಲು. ಅಂಟು ಬೇಡ. ಸರಿಸಲು ಬರುವುದೇ ಅದರ ಗುಣ.

ಎರಡು ಕಡೆ ಕೈಕೊಡುತ್ತದೆ. ಪಟ್ಟಿಯ ಮೇಲ್ಮೈ ಚಪ್ಪಟೆಯಾಗಿದ್ದರೆ ಟೈ ಅಂಚುಗಳಲ್ಲಿ ಮಾತ್ರ ಬಿಗಿದು ನಡುವೆ ಉಬ್ಬಿಕೊಳ್ಳುತ್ತದೆ, ತಂತಿ ಒತ್ತಿದರೆ ಝರಝರ ಎನ್ನುತ್ತದೆ. ಮರಳು ಕಾಗದದಿಂದ ಮೇಲ್ಮೈಯನ್ನು ಸ್ವಲ್ಪ ಗುಮ್ಮಟದಂತೆ ಉಜ್ಜಿದರೆ ಟೈ ಮೈಗೆ ಅಂಟಿ ಕೂರುತ್ತದೆ. ಇನ್ನೊಂದು, ಲೆಕ್ಕದ ಪ್ರಕಾರ ಕಟ್ಟಿದ ಸ್ವರಗಳೆಲ್ಲ ತುಸು ಏರುತ್ತವೆ. ಒತ್ತಿದಾಗ ತಂತಿ ಹಿಗ್ಗಿ ಬಿಗಿಯಾಗುವುದೇ ಕಾರಣ. ತಲೆಪಟ್ಟಿ ಎತ್ತರವಾದಷ್ಟೂ ರಿಷಭ ಹೆಚ್ಚು ಕೆಡುತ್ತದೆ. ತಲೆಪಟ್ಟಿ ಎರಡೂವರೆ ಮಿ.ಮೀ., ಕುದುರೆ 5-6 ಮಿ.ಮೀ. ಮೀರಬಾರದು. ಆಮೇಲೆ ಕುದುರೆಯನ್ನು ಎರಡು-ಮೂರು ಮಿ.ಮೀ. ಹಿಂದಕ್ಕೆ ಸರಿಸಿದರೆ ತಾರ ಷಡ್ಜ ಸರಿಹೋಗುತ್ತದೆ. ಉಳಿದದ್ದನ್ನು ಕಿವಿಯಿಂದ, ಟೈಗಳನ್ನು ಕೂದಲೆಳೆಯಷ್ಟು ಜರುಗಿಸಿ.

ಪಿಟೀಲು ಮುಕ್ಕಾಲು ಅಳತೆಯದ್ದು ಎರಡು ಕೊಂಡೆವು. ಕಳಿಸುವ ಮೊದಲು ನೋಡಿಕೊಳ್ಳಬೇಕಾದದ್ದು ಬಹಳ. ತಂತಿಗಳನ್ನು ಪೂರ್ತಿ ಸಡಿಲಿಸಬೇಡಿ. ಪೂರ್ತಿ ಸಡಿಲಿಸಿದರೆ ಕುದುರೆ ಬೀಳುವುದು ಹಾಗಿರಲಿ, ಒಡಲಿನೊಳಗೆ ಅಂಟಿಲ್ಲದೆ ಒತ್ತಡದಿಂದಲೇ ನಿಂತಿರುವ ಸಣ್ಣ ಮರದ ಕಂಬ ಉರುಳುತ್ತದೆ. ಸ್ವಲ್ಪ ಮಾತ್ರ ಇಳಿಸಿ, ಕುದುರೆಯ ಎರಡೂ ಪಕ್ಕ, ಬಾಲಹಲಗೆಯ ಕೆಳಗೆ ಮೆತ್ತನೆ ಬಟ್ಟೆ ತುರುಕಿ, ಆಮೇಲೆ ಪೆಟ್ಟಿಗೆ ಮುಚ್ಚಿ. ತಲುಪಿದ ಮೇಲೆ ಅಲ್ಲಾಡಿಸಿದರೆ ಒಳಗೆ ಏನೋ ಉರುಳುವ ಸದ್ದು ಬಂದರೆ ಯಾರೂ ತಂತಿ ಬಿಗಿಯಬಾರದು. ಕಂಬವಿಲ್ಲದೆ ಬಿಗಿದರೆ ಮೇಲಿನ ಹಲಗೆ ಕುಸಿದು ಸೀಳುತ್ತದೆ. ನಮ್ಮ ಎರಡರಲ್ಲಿ ಒಂದರ ಕಂಬ ಹೀಗೇ ಉರುಳಿತ್ತು. ಅದನ್ನು ವಾಪಸ್ ತರಿಸಿ, ಅಂಗಡಿಯಲ್ಲಿ ಕಂಬ ನಿಲ್ಲಿಸಿ, ಮತ್ತೆ ಕಳಿಸುವಷ್ಟರಲ್ಲಿ ಎರಡು ವಾರ ಹೋಯಿತು.

ಇನ್ನೊಂದು ಪಿಟೀಲು ಚೆನ್ನಾಗಿಯೇ ತಲುಪಿತು. ಅದನ್ನು ನುಡಿಸಿದರೆ ಶಬ್ದವೇ ಇಲ್ಲ. “ಸವುಂಡೇ ಬತ್ತಿಲ್ಲ ಕನಕ್ಕ” ಎಂದು ಮೊದಲ ದಿನವೇ ದೂರು. ಹೊಸ ಕಮಾನಿನ ಕುದುರೆಕೂದಲಿಗೆ ರಾಳ ಹಚ್ಚದಿದ್ದರೆ ಅದು ತಂತಿಯ ಮೇಲೆ ಜಾರುತ್ತದೆ, ಹಿಡಿಯುವುದಿಲ್ಲ. ರಾಳದ ಬಿಲ್ಲೆಯನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೆವು, ಮೇಷ್ಟ್ರು ಹಚ್ಚಿಯೂ ಇದ್ದರು. ಆದರೆ ಹೊಸ ಬಿಲ್ಲೆಯ ಮೈ ಗಾಜಿನಂತಿರುತ್ತದೆ, ಕೂದಲಿಗೆ ಏನೂ ಅಂಟುವುದಿಲ್ಲ. ಮರಳು ಕಾಗದದಿಂದ ಗೀರಿ ಬಿಳಿ ಪುಡಿ ಏಳಿಸಿ, ಆಮೇಲೆ ಮೊದಲ ಸಲಕ್ಕೆ 30-40 ಸಲ ಎಳೆಯಬೇಕು. ಇದನ್ನೆಲ್ಲ ಇಲ್ಲೇ ಮಾಡಿ ಕಳಿಸಬೇಕಿತ್ತು. ಕಮಾನಿನ ಬಿಗಿ, ಕೋಲಿಗೂ ಕೂದಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು. ನುಡಿಸಿ ಆದಮೇಲೆ ಸಡಿಲಿಸಿ ಇಡುವುದು. ಕೂದಲನ್ನು ಬೆರಳಿಂದ ಮುಟ್ಟದಿರುವುದು. ಮಕ್ಕಳು ಮುಟ್ಟಿಯೇ ಮುಟ್ಟುತ್ತಾರೆ, ಅದು ಬೇರೆ ಮಾತು.

ಶ್ರುತಿಗೆ ಐದನೇ ಮನೆ, ಅಂದರೆ ಪಾಶ್ಚಾತ್ಯ ಕ್ರಮದ ಜಿ ಸ್ವರ, ಆರಿಸಿಕೊಂಡೆವು. ಆ ವಯಸ್ಸಿನ ಮಕ್ಕಳ ಕಂಠಕ್ಕೆ ಹೊಂದುತ್ತದೆ, ಜೊತೆಗೆ ಇನ್ನೊಂದು ಅನುಕೂಲವೂ ಇದೆ. ಅಂಗಡಿಯಿಂದ ಬಂದ ಪಿಟೀಲಿನ ತಂತಿಗಳು ಪಾಶ್ಚಾತ್ಯ ಕ್ರಮದ ಜಿ, ಡಿ, ಎ, ಇ ಸ್ವರಗಳಿಗೆಂದೇ ಆದಂಥವು. ನಮ್ಮ ಸ-ಪ-ಸ-ಪ ಐದನೇ ಮನೆಯಲ್ಲಿ ಜಿ, ಡಿ, ಜಿ, ಡಿ ಆಗುತ್ತದೆ. ದಪ್ಪನೆಯ ಎರಡು ತಂತಿ ಇದ್ದ ಹಾಗೇ ಇರುತ್ತವೆ, ತೆಳ್ಳನೆಯ ಎರಡನ್ನು ಒಂದೊಂದು ಸ್ವರ ಇಳಿಸಿದರೆ ಸಾಕು. ಇಳಿಸುವುದೆಂದರೆ ಬಿಗಿ ಕಡಿಮೆ, ತಂತಿ ಹರಿಯುವುದೂ ಕಡಿಮೆ. ಡಬ್ಬ ತಂಬೂರಿಯ 12 ಗೇಜಿನ ತಂತಿಯೂ ಇದೇ ಜಿ ಸ್ವರದಲ್ಲಿ ಆರಾಮವಾಗಿ ನಿಲ್ಲುತ್ತದೆ.

ತಂತಿ ಬಿಗಿಯುವ ಬಿರಡೆಯದು ಹವಾಮಾನದ ತಂಟೆ. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ, ಡಿಸೆಂಬರ್ ಕಳೆದು ಒಣಹವೆ ಬಂದರೆ ಕುಗ್ಗಿ ಜಾರುತ್ತದೆ. ಜಾರಿದರೆ ಸೀಮೆಸುಣ್ಣದ ಪುಡಿ, ಕಚ್ಚಿದರೆ ಪೆನ್ಸಿಲ್ಲಿನ ಸೀಸ. ಎರಡಕ್ಕೂ ಶಾಲೆಯಲ್ಲಿ ಬರವಿಲ್ಲ.

ಆಗಸ್ಟ್ ಮೂರನೇ ವಾರ ಪರೀಕ್ಷಾರ್ಥ ಕರೆ. ಅಂದಿನ ನಿರಾಶೆ ದೊಡ್ಡದು. ನಮ್ಮವರೊಬ್ಬರು ತಂಬೂರಿ ಮೀಟಿದರೆ ಆ ಕಡೆ ಮೊದಲ ಎರಡು ಸೆಕೆಂಡು ಕೇಳಿ ಆಮೇಲೆ ಮೌನ. ವೀಣೆ ಮೀಟಿದರೆ ಟಕ್ ಎಂಬ ಏಟು ಮಾತ್ರ, ಅದರ ಹಿಂದಿನ ನಾದವಿಲ್ಲ. ನೆಟ್‌ವರ್ಕ್ ದೋಷವೆಂದು ಒಂದು ಗಂಟೆ ಬೈದುಕೊಂಡೆವು. ದೋಷ ಅಲ್ಲಿರಲಿಲ್ಲ. ಈ ಮೀಟಿಂಗ್ ಆ್ಯಪ್‌ಗಳೆಲ್ಲ ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ದನಿಯನ್ನು ಅವು ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕುತ್ತವೆ. ಅವುಗಳ ಪಾಲಿಗೆ ತಂಬೂರಿ ಒಂದು ಒಳ್ಳೆಯ ಫ್ಯಾನು! ಝೂಮ್‌ನಲ್ಲಿ ಆಡಿಯೊ ಸೆಟ್ಟಿಂಗ್‌ನೊಳಗೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬುದನ್ನು ಆನ್ ಮಾಡಿ, ಕರೆಯೊಳಗೆ ಬಂದ ಮೇಲೆ ಪರದೆಯ ಮೇಲಿನ ಗುಂಡಿಯನ್ನು ಇನ್ನೊಮ್ಮೆ ಒತ್ತಬೇಕು. ಸೆಟ್ಟಿಂಗ್ ಮಾಡಿ ಗುಂಡಿ ಮರೆಯುವುದು ಎಲ್ಲರೂ ಮಾಡುವ ತಪ್ಪು. ಪ್ರತಿಧ್ವನಿ ತಡೆಯುವ ಆಯ್ಕೆಯನ್ನು ಮಾತ್ರ ಆಫ್ ಮಾಡಬೇಡಿ. ಆ ಕಡೆ ಸ್ಪೀಕರ್ ಇರುವುದರಿಂದ ನಿಮ್ಮ ದನಿ ನಿಮಗೇ ತಿರುಗಿ ಬಂದು ಕೂಗಾಟವಾಗುತ್ತದೆ. ಮತ್ತೊಂದು ಸಂಗತಿ, ಹಣ ಕೊಡದ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿಯುತ್ತದೆ. ನಮಗೆ ಅದು ವರವೇ ಆಯಿತು. ಮಕ್ಕಳ ಬೆರಳು ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಟಿ.ವಿ.ಯ ಸ್ಪೀಕರ್ ಗೋಡೆಯ ಕಡೆಗೆ ಮುಖ ಮಾಡಿರುತ್ತದೆ, ಮಂದ್ರದ ಸ್ವರಗಳನ್ನು ಅದು ನುಡಿಯುವುದೇ ಇಲ್ಲ. ವೈರ್ ಜೋಡಿಸುವ ಸಾಧಾರಣ ಸ್ಪೀಕರ್ ಒಂದನ್ನು ಕೊಂಡು ಕಳಿಸಿದೆವು. ಬ್ಲೂಟೂತ್ ಬೇಡ, ಅದು ತನ್ನದೇ ತಡವನ್ನು ಸೇರಿಸುತ್ತದೆ. ಮೈಕು ಮಕ್ಕಳ ಅರ್ಧವೃತ್ತದ ನಡುವೆ, ಒಂದು ಮೀಟರ್ ದೂರದಲ್ಲಿ, ನೆಲದ ಮೇಲಲ್ಲ, ಸ್ಟೂಲಿನ ಮೇಲೆ. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲೇ ತಿ. ನರಸೀಪುರ ಸಿಗುತ್ತದೆ, ಪಿಟೀಲು ಚೌಡಯ್ಯನವರ ತಿರುಮಕೂಡಲು ಅಲ್ಲೇ. ನಾಲ್ಕು ತಂತಿಯ ದನಿ ಸಭೆಯ ಕೊನೆಗೆ ಮುಟ್ಟುವುದಿಲ್ಲವೆಂದು ಅವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ನಮ್ಮ ಪಾಡು 1,200 ರೂಪಾಯಿಯ ಮೈಕಿನಲ್ಲಿ ಮುಗಿಯಿತು.

ಮೊದಲ ತರಗತಿಯಲ್ಲಿ ನಾವು ಮಾಡಿದ್ದು ಶುದ್ಧ ಪೆದ್ದತನ. ಎಲ್ಲರೂ ಒಟ್ಟಿಗೆ ನುಡಿಸೋಣ ಎಂದೆವು. ದನಿ ಇಲ್ಲಿಂದ ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡಾದರೂ ಬೇಕು, ಸಿಗ್ನಲ್ ಕೆಟ್ಟರೆ ಅರ್ಧ. ನಿಮಿಷಕ್ಕೆ 60 ಎಣಿಕೆಯ ತಾಳದಲ್ಲಿ ಎಣಿಕೆಗೆ ನಾಲ್ಕು ಸ್ವರ ಹಾಕಿದರೆ ಕಾಲು ಸೆಕೆಂಡು ಎಂದರೆ ಪೂರಾ ಒಂದು ಸ್ವರ. ಅವರು ನಮ್ಮನ್ನು ಕಾಯುತ್ತಾರೆ, ನಾವು ಅವರನ್ನು ಕಾಯುತ್ತೇವೆ, ಹತ್ತು ಎಣಿಕೆಯೊಳಗೆ ತಾಳ ನಿಂತೇ ಹೋಗುತ್ತದೆ. ಎಷ್ಟು ವೇಗದ ಇಂಟರ್ನೆಟ್ ತಂದರೂ ಈ ದೂರದಲ್ಲಿ ಇದು ಪೂರ್ತಿ ಹೋಗುವುದಿಲ್ಲ. ಸಂಗೀತಗಾರರು ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಕೂಡಿ ನುಡಿಸಲು ತಿಣುಕುತ್ತಾರೆ.

ಮೂರನೇ ತರಗತಿಯ ಹೊತ್ತಿಗೆ ಕ್ರಮ ಬದಲಾಯಿತು. ಐದನೇ ಮನೆಯ ತಂಬೂರಿ ಶ್ರುತಿ ಒಂದು ಗಂಟೆಯದ್ದು, ಆದಿತಾಳದ ಎಣಿಕೆ ಬೇರೆಬೇರೆ ವೇಗದ್ದು, ಪ್ರತಿ ಸರಳೆ ವರಸೆಯನ್ನು (ಕಲಿಕೆಯ ಮೊದಲ ಸ್ವರಪಾಠ) ಪಿಟೀಲಿನಲ್ಲಿ ಒಮ್ಮೆ ನುಡಿಸಿ ಅಷ್ಟೇ ಹೊತ್ತು ಖಾಲಿ ಬಿಟ್ಟ ಮುದ್ರಣ. ಎಲ್ಲವನ್ನೂ ಎಂ.ಪಿ.3 ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕಳಿಸಿದೆವು. ಮಕ್ಕಳು ಅಲ್ಲಿನ ಸ್ಪೀಕರಿನ ಜೊತೆ ನುಡಿಸುತ್ತಾರೆ, ನಾವು ಮ್ಯೂಟ್ ಮಾಡಿಕೊಂಡು ಕೇಳುತ್ತೇವೆ, ನಿಲ್ಲಿಸಿದ ಮೇಲೆ ತಿದ್ದುತ್ತೇವೆ. ಪೆನ್‌ಡ್ರೈವನ್ನು ಎಫ್.ಎ.ಟಿ. 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬೇರೆ ಮಾದರಿಯನ್ನು ಆ ಟಿ.ವಿ. ಓದಲಿಲ್ಲ. ಕಡತಗಳ ಹೆಸರಿನ ಮುಂದೆ 01, 02 ಎಂದು ಅಂಕಿ ಇರಲಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವಾದರೆ ಅದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ.

ಕ್ಯಾಮೆರಾ ಇನ್ನೊಂದು ಪಾಠ ಕಲಿಸಿತು. ಎದುರಿಗೆ ಕೂತು ನುಡಿಸಿ ತೋರಿಸಿದೆವು. ನಮ್ಮ ಬಲಗೈ ಅವರ ಪರದೆಯಲ್ಲಿ ಎಡಕ್ಕೆ ಕಾಣುತ್ತದೆ. ಕನ್ನಡಿ ನೋಡುವಂತೆ ಅನುಕರಿಸುವ ಮಕ್ಕಳಲ್ಲಿ ನಾಲ್ವರು ಕಮಾನನ್ನು ಎಡಗೈಯಲ್ಲಿ ಹಿಡಿದರು. ‘ಮಿರರ್’ ಆಯ್ಕೆ ಒತ್ತಿ ಸರಿಯಾಯಿತೆಂದುಕೊಂಡೆವು, ಅದು ಬದಲಿಸುವುದು ನಮಗೆ ಕಾಣುವ ಚಿತ್ರವನ್ನು ಮಾತ್ರ. ಕೊನೆಗೆ ಫೋನನ್ನು ನುಡಿಸುವವರ ಹಿಂದೆ, ಎಡ ಭುಜದ ಮೇಲಿಂದ ಕೆಳಗೆ ನೋಡುವಂತೆ ಸ್ಟ್ಯಾಂಡಿಗೆ ಕಟ್ಟಿದೆವು. ಆಗ ಮಗುವಿಗೆ ತನ್ನದೇ ಕೈ ಕಂಡ ಹಾಗೆ ಕಾಣುತ್ತದೆ. ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿಯ ಪಕ್ಕಕ್ಕೆ ಒರಗಿಸುವ ನಮ್ಮ ಭಂಗಿಯನ್ನು ಮಾತ್ರ ಪಕ್ಕದಿಂದ ತೋರಿಸಬೇಕು. ಸಿಗ್ನಲ್ ಕುಸಿದಾಗ ನಮ್ಮ ವಿಡಿಯೊ ನಿಲ್ಲಿಸಿ, ಅವರದನ್ನು ಉಳಿಸಿಕೊಳ್ಳಿ. ಕಮಾನು ಕುದುರೆಗೂ ಬೆರಳುಹಲಗೆಗೂ ನಡುವೆ ನೇರ ಓಡುತ್ತಿದೆಯೇ ಎಂದು ನೋಡದೆ ತಿದ್ದಲಾಗದು.

ಆದರೆ ಇಷ್ಟೆಲ್ಲ ಇದ್ದರೂ ತರಗತಿ ನಡೆಯುವುದೂ ಬಿಡುವುದೂ ಒಬ್ಬರ ಮೇಲೆ ನಿಂತಿತ್ತು: ಆ ಕೊಠಡಿಯಲ್ಲಿ ಶ್ರುತಿ ಮಾಡಬಲ್ಲ ಒಬ್ಬ ದೊಡ್ಡವರು. ಮೊದಲೆರಡು ವಾರ 40 ನಿಮಿಷದಲ್ಲಿ 25 ನಿಮಿಷ “ಇನ್ನೂ ಸ್ವಲ್ಪ ಬಿಗಿ ಮಾಡಿ, ಅಯ್ಯೋ ಜಾಸ್ತಿಯಾಯ್ತು ಸಾರ್” ಎನ್ನುವುದರಲ್ಲೇ ಹೋಯಿತು, ಎರಡು ತಂತಿ ಹರಿದವು. ಆಮೇಲೆ ಗಣಿತದ ಮೇಷ್ಟ್ರಿಗೆ ಬೇರೆ ದಿನ ಸಂಜೆ ಮೂರು ಸಲ ಬರೀ ಶ್ರುತಿ ಮಾಡುವುದನ್ನೇ ಹೇಳಿಕೊಟ್ಟೆವು. ಫೋನಿನ ಟ್ಯೂನರ್ ಆ್ಯಪಿನಲ್ಲಿ ಜಿ ಕಂಡರೆ ಸ, ಡಿ ಕಂಡರೆ ಪ. ಮೊದಲು ಸಡಿಲಿಸಿ ಕೆಳಗಿನಿಂದ ಮೇಲಕ್ಕೆ ಬರಬೇಕು. ಬಿರಡೆಯನ್ನು ತಿರುಗಿಸುವಾಗಲೇ ಒಳಕ್ಕೆ ಒತ್ತಬೇಕು. ಟ್ಯೂನರಿನಲ್ಲಿ ಅಕ್ಷರದ ಪಕ್ಕದ ಅಂಕಿಯನ್ನೂ ನೋಡಬೇಕು. ದಪ್ಪ ತಂತಿಗೆ ಜಿ3, ಮೂರನೆಯದಕ್ಕೆ ಜಿ4. ಅಂಕಿ ನೋಡದೆ ಮೇಲಿನ ಸ್ಥಾಯಿಗೆ ಎಳೆದದ್ದರಿಂದಲೇ ಆ ತಂತಿಗಳು ಹರಿದದ್ದು. ಮೂರು ಸಂಜೆ ಕಳೆದ ಮೇಲೆ ತರಗತಿ ಶುರುವಾಗುವ ಹೊತ್ತಿಗೆ ವಾದ್ಯಗಳೆಲ್ಲ ಸಿದ್ಧವಾಗಿರುತ್ತಿದ್ದವು. ಆ ಮೇಷ್ಟ್ರು 60 ಸೆಂ.ಮೀ. ತಂತಿಯನ್ನು ಅನುಪಾತದ ಪಾಠಕ್ಕೂ ಬಳಸಿಕೊಂಡರು. ಮೂರನೇ ಒಂದು ಭಾಗ ಒತ್ತಿದರೆ ಪಂಚಮ, ನಾಲ್ಕನೇ ಒಂದು ಭಾಗ ಒತ್ತಿದರೆ ಮಧ್ಯಮ.

ಇನ್ನೊಂದು ವಿಷಯ ನಮ್ಮ ಯೋಜನೆಯ ಕಾಗದದಲ್ಲಿ ಇರಲೇ ಇಲ್ಲ. ತಂತಿವಾದ್ಯವನ್ನು ಆ ಮಕ್ಕಳಿಗೆ ‘ಪರಿಚಯಿಸುತ್ತೇವೆ’ ಎಂದು ಬರೆದಿದ್ದೆವು. ಅದು ಮಂಟೇಸ್ವಾಮಿ ಒಕ್ಕಲಿನ ಸೀಮೆ. ಆ ಪರಂಪರೆಯ ಗಾಯಕರಾದ ನೀಲಗಾರರ ತಂಬೂರಿ ಕಥೆ ಕೇಳಿ ಬೆಳೆದ ಮಕ್ಕಳು. ನಮ್ಮ ಡಬ್ಬದ ತಂತಿ ಮೀಟಿದ ಕೂಡಲೇ ಎರಡನೇ ಸಾಲಿನಿಂದ ಒಬ್ಬ ಕಥೆಯ ದಾಟಿ ಎತ್ತಿಯೇಬಿಟ್ಟ. ಶ್ರುತಿಗೆ ದನಿ ಸೇರಿಸುವುದನ್ನು ಹೇಳಿಕೊಡಲು ಮೂರು ತರಗತಿ ಮೀಸಲಿಟ್ಟಿದ್ದೆವು, ಅರ್ಧ ತರಗತಿ ಸಾಕಾಯಿತು. ಊರಿನ ತಂಬೂರಿಯವರೊಬ್ಬರು ಶಾಲೆಗೆ ಬಂದು ಡಬ್ಬಗಳನ್ನೆಲ್ಲ ಆ್ಯಪು ಗೀಪು ಇಲ್ಲದೆ ಹತ್ತು ನಿಮಿಷದಲ್ಲಿ ಒಂದೇ ಶ್ರುತಿಗೆ ತಂದರು. ಅದು ಐದನೇ ಮನೆಯಾಗಿರಲಿಲ್ಲ, ಅವರ ಕಂಠದ ಮನೆಯಾಗಿತ್ತು. ನಮ್ಮ ಪೆನ್‌ಡ್ರೈವ್ ಆ ದಿನ ಕೆಲಸಕ್ಕೆ ಬರಲಿಲ್ಲ. ಯಾವ ಊರಿಗೆ ಕಲಿಸಲು ಹೊರಟರೂ ಅಲ್ಲಿ ಏಕತಾರಿ, ಚೌಡಿಕೆ, ತಂಬೂರಿ ಹಿಡಿಯುವವರು ಇದ್ದಾರೆಯೇ ಎಂದು ಮೊದಲ ಫೋನ್ ಕರೆಯಲ್ಲೇ ಕೇಳಿ.

ಪಾಠ ಎಲ್ಲಿಗೆ ಮುಟ್ಟಿತು? ಡಬ್ಬ ತಂಬೂರಿಯವರು ಸರಳೆ ವರಸೆಯ ಮೊದಲ ನಾಲ್ಕನ್ನು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ನುಡಿಸಿದರು. ಪಿಟೀಲಿನವರು ಬಿಟ್ಟ ತಂತಿಗಳ ಮೇಲೆ ಉದ್ದ ಕಮಾನು, ಆಮೇಲೆ ಸ-ರಿ-ಗ, ಅಷ್ಟೇ. ಮಾಯಾಮಾಳವಗೌಳದಲ್ಲಿ ರಿಷಭ ಷಡ್ಜಕ್ಕೆ ಅಂಟಿಕೊಂಡು, ಗಾಂಧಾರ ದೂರ ಹೋಗುವುದರಿಂದ ಚಿಕ್ಕ ಬೆರಳುಗಳಿಗೆ ಆ ಹಾರಿಕೆ ಕಷ್ಟ. ಮೆಟ್ಟಿಲಿರುವ ವಾದ್ಯದಲ್ಲಿ ಅದು ಕಾಣಿಸುತ್ತದೆ, ಪಿಟೀಲಿನಲ್ಲಿ ಕಿವಿಯಿಂದಲೇ ಹುಡುಕಬೇಕು. ಹಾಗಾಗಿ ಎಲ್ಲರೂ ಮೊದಲು ಡಬ್ಬದ ಮೇಲೆ, ಆಮೇಲೆ ಸರದಿಯಂತೆ ಹತ್ತು ಹತ್ತು ನಿಮಿಷ ಪಿಟೀಲು. ಸ್ಟೀಲ್ ತಂತಿ ಬೆರಳು ಕೊರೆಯುತ್ತದೆ, ಹದಿನೈದು ನಿಮಿಷಕ್ಕೊಮ್ಮೆ ವಾದ್ಯ ಕೆಳಗಿಡಿಸಿ ತಾಳ ಹಾಕಿಸಿ.

ನಡೆಯದೆ ಹೋದ ಐದು ತರಗತಿಗಳ ಲೆಕ್ಕ: ಎರಡು ಕರೆಂಟಿಗೆ, ಒಂದು ಮಳೆಗೆ (ಶೀಟಿನ ಛಾವಣಿಯ ಮೇಲೆ ಮಳೆ ಹೊಡೆದರೆ ಪಿಟೀಲಲ್ಲ, ನಗಾರಿ ತಂದರೂ ಕೇಳದು), ಒಂದು ಪ್ರತಿಭಾ ಕಾರಂಜಿಗೆ, ಒಂದು ನಮ್ಮದೇ ಪರೀಕ್ಷೆಗೆ. ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆಯನ್ನು ಮೊದಲೇ ಕಳೆದಿದ್ದೆವು. ಶನಿವಾರ ಬೆಳಗಿನ ಶಾಲೆ ನಮಗೆ ಹೊಂದಿತು, ಆದರೆ ಮಕ್ಕಳು ಹಾಲು ಕುಡಿದು ಲೋಟ ತೊಳೆದು ಬರುವವರೆಗೆ ಕರೆ ಶುರು ಮಾಡಬೇಡಿ.

ಖರ್ಚು ಹೀಗೆ. ಕಮಾನು, ರಾಳ, ಪೆಟ್ಟಿಗೆ ಸಮೇತ ಪಿಟೀಲು ಎರಡಕ್ಕೆ 9,000 ರೂ. ಎಂಟು ಡಬ್ಬ ತಂಬೂರಿಗೆ ಒಟ್ಟು 2,000. ಮೈಕು 1,200, ಸ್ಪೀಕರ್ ಮತ್ತು ಅದರ ವೈರ್ 1,650, ಐದು ತಿಂಗಳ ಡೇಟಾ 1,750, ವಾದ್ಯಗಳ ಹೆಚ್ಚುವರಿ ತಂತಿ 900. ನಾವು ಎರಡು ಸಲ ಖುದ್ದು ಹೋಗಿಬಂದ ಖರ್ಚು 2,400. ಒಟ್ಟು 18,900. ಪಿಟೀಲು ಬಿಟ್ಟು ಡಬ್ಬಗಳಿಂದಲೇ ಮಾಡಿದರೆ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಎರಡು ಸಲ ಖುದ್ದು ಹೋಗುವುದನ್ನು ಮಾತ್ರ ಉಳಿಸಲು ಹೋಗಬೇಡಿ. ಒಂದು ಭೇಟಿ ಮೊದಲ ತರಗತಿಗೆ ಮುಂಚೆಯೇ ಆಗಲಿ. ನಾವು ಅದನ್ನು ನಾಲ್ಕನೇ ತರಗತಿಯ ನಂತರ ಮಾಡಿದೆವು. ಕಮಾನು ಹಿಡಿದ ಹೆಬ್ಬೆರಳು ಬಾಗಿರಬೇಕೆಂದು ಪರದೆಯಲ್ಲಿ ನಾಲ್ಕು ವಾರ ಹೇಳಿದ್ದನ್ನು ಅಲ್ಲಿ ಕೈಹಿಡಿದು ಎರಡು ನಿಮಿಷದಲ್ಲಿ ತೋರಿಸಿದೆವು.

ಬಿಟ್ಟುಬರುವ ವಾದ್ಯಗಳನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೇಷ್ಟ್ರು ವರ್ಗವಾಗಿ ಹೋದ ದಿನ ಅವು ಯಾರವೂ ಅಲ್ಲ. ಬೇಸಿಗೆ ರಜೆಗೆ ಕಬ್ಬಿಣದ ಬೀರುವಿನೊಳಗೆ ಪಿಟೀಲು ಇಡಬೇಡಿ ಎಂದು ಹೇಳಿಬಂದಿದ್ದೇವೆ, ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ. ಒಳಗೋಡೆಯ ಗೂಡಿನಲ್ಲಿ, ಕಮಾನು ಸಡಿಲಿಸಿ, ತಂತಿಗಳನ್ನು ಸ್ವಲ್ಪ ಮಾತ್ರ ಇಳಿಸಿ ಇಡಬೇಕು. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ‘ಜೂನ್‌ನಲ್ಲಿ ತೆರೆದಾಗ ಮೊದಲು ಅಲ್ಲಾಡಿಸಿ ಕೇಳಿ. ಒಳಗೆ ಏನಾದರೂ ಉರುಳಿದರೆ ತಂತಿ ಮುಟ್ಟಬೇಡಿ, ಫೋನ್ ಮಾಡಿ.’